ಹಬ್ಬದ ರಿಯಾಯಿತಿಯೂ ಹೂಗ್ಯಂನ ಕಂಪ್ಯೂಟರೂ

ಪಿತೃಪಕ್ಷದಲ್ಲಿ ಹೊಸ ವಸ್ತುವನ್ನು ಮನೆಗೆ ತರಬಾರದೆಂಬ ನಂಬಿಕೆ ಕನ್ನಡನಾಡಿನ ಮನೆಗಳಲ್ಲಿ ಹಳೆಯದು. ಮನೆಯ ಹಿರಿಯರಿಗಿಂತಲೂ ನಿಷ್ಠೆಯಿಂದ ಅದನ್ನು ಪಾಲಿಸುವವರು ಈಗ ಬೇರೆ ಇದ್ದಾರೆ. ಅವರೇ ಆನ್‌ಲೈನ್ ಅಂಗಡಿಯವರು! 2025ರಲ್ಲಿ ಮಹಾಲಯ ಅಮಾವಾಸ್ಯೆ ಬಂದದ್ದು ಸೆಪ್ಟೆಂಬರ್ 21ರಂದು. ಮರುದಿನ ನವರಾತ್ರಿಯ ಆರಂಭ. ಅದರ ಮರುದಿನವೇ, ಎಂದರೆ 23ರಂದು, ಫ್ಲಿಪ್‌ಕಾರ್ಟ್ ಮತ್ತು ಅಮೆಜಾನ್ ಸಂಸ್ಥೆಗಳೆರಡೂ ತಮ್ಮ ವರ್ಷದ ಮಹಾಮಾರಾಟದ ಬಾಗಿಲನ್ನು ತೆರೆದವು. ಅಂದಿನಿಂದ ದೀಪಾವಳಿಯವರೆಗೆ ಜನರ ಕೈಯಲ್ಲಿರುವ ಮೊಬೈಲಿನ ಪರದೆಯೇ ಸಂತೆಯ ಮೈದಾನವಾಯಿತು.

ಆ ಸಂತೆಯ ಸದ್ದು ಹೂಗ್ಯಂವರೆಗೂ ಕೇಳಿಸುತ್ತದೆ. ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಈ ಊರು ತಮಿಳುನಾಡಿನ ಗಡಿಗೆ ಸಮೀಪದ್ದು; ಮಲೆ ಮಹದೇಶ್ವರ ವನ್ಯಧಾಮದ ಒಂದು ಅರಣ್ಯ ವಲಯಕ್ಕೆ ಇದರದೇ ಹೆಸರಿದೆ. ಹಿಂದೆ ಈ ಸೀಮೆಯೆಲ್ಲವೂ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿತ್ತು. ಆ ಕೊಳ್ಳೇಗಾಲವಾದರೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆದುದರಿಂದ ಆಷಾಢದ ಸುಮಾರಿಗೆ ತಮಿಳು ಸೀಮೆಯ ಜವಳಿ ಅಂಗಡಿಗಳು ಸಾರುವ 'ಆಡಿ' ರಿಯಾಯಿತಿ ಇಲ್ಲಿಯ ಹಿರಿಯರಿಗೆ ಹೊಸದೇನಲ್ಲ. ಗಾಂಧಿ ಜಯಂತಿಯ ದಿನಗಳಲ್ಲಿ ಖಾದಿ ಭಂಡಾರಗಳು ಕೊಡುವ ರಿಯಾಯಿತಿಯನ್ನೂ ಅವರು ಬಲ್ಲರು. ಆದರೆ ಸೀರೆಯ ರಿಯಾಯಿತಿಗೂ ಕಂಪ್ಯೂಟರಿನ ರಿಯಾಯಿತಿಗೂ ಒಂದು ಅಂತರವುಂಟು. ಸೀರೆಯ ಅಂಚನ್ನು ಬೆರಳಿನಲ್ಲಿ ತಿಕ್ಕಿ ನೋಡಿ ಬೆಲೆ ಕಟ್ಟಬಲ್ಲ ಗೃಹಿಣಿ, ಮುಚ್ಚಿದ ರಟ್ಟಿನ ಪೆಟ್ಟಿಗೆಯೊಳಗಿನ ಯಂತ್ರವನ್ನು ಯಾವ ಬೆರಳಿನಿಂದ ತಿಕ್ಕಿ ನೋಡಬೇಕು?

ಅಂಥ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮಗಳು ಕೊಳ್ಳೇಗಾಲದಲ್ಲಿ ಬಿ.ಸಿ.ಎ. ಓದುತ್ತಿದ್ದಾಳೆ. ಕಾಲೇಜಿನ ಪ್ರಯೋಗಾಲಯದಲ್ಲಿ ಬರೆದ ಪ್ರೋಗ್ರಾಮನ್ನು ಮನೆಯಲ್ಲಿ ಮುಂದುವರಿಸಲು ಅವಳಲ್ಲಿ ಯಂತ್ರವಿಲ್ಲ; ಮೊಬೈಲಿನ ಅಂಗೈಯಗಲದ ಪರದೆಯ ಮೇಲೆ ಆ ಅಭ್ಯಾಸ ಸಾಗದು. ತಂದೆಗೆ ಮುಸುಕಿನ ಜೋಳದ ಫಸಲು ಹೊಲದಲ್ಲಿದೆ. ಅದು ಮಾರಾಟವಾಗಿ ಹಣ ಕೈಸೇರಬೇಕಾದರೆ ದೀಪಾವಳಿ ದಾಟಬೇಕು. ರಿಯಾಯಿತಿಯ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತದೆ. ಮನೆಯಲ್ಲಿ ಸದ್ಯಕ್ಕಿರುವುದು ಹದಿನೈದು ಸಾವಿರ, ಬೇಕಾದದ್ದು ಮೂವತ್ತಾರು. ಪರದೆಯ ಮೇಲೆ ಕೆಂಪಕ್ಷರದಲ್ಲಿ 'ಶೇ. 40 ಕಡಿತ' ಎಂದು ಮಿನುಗುತ್ತಿದೆ. ಪಕ್ಕದಲ್ಲಿ ಒಂದು ಗಡಿಯಾರ ಸೆಕೆಂಡುಗಳನ್ನು ಹಿಮ್ಮುಖವಾಗಿ ಎಣಿಸುತ್ತಿದೆ.

"ಅರ್ಧಕ್ಕರ್ಧ ಬುಟ್ಟು ಕೊಟ್ರೆ ಅವ್ನಿಗೇನವ್ವ ಗಿಟ್ಟುದು?" ಎಂದು ತಂದೆ ಕೇಳುತ್ತಾನೆ.

ಅರ್ಥಶಾಸ್ತ್ರದ ಗಂಧವಿಲ್ಲದ ಈ ಪ್ರಶ್ನೆಯೇ ಹಬ್ಬದ ವ್ಯಾಪಾರದ ಬೀಗಕ್ಕೆ ಸರಿಯಾದ ಕೀಲಿಕೈ.

ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಗರಿಷ್ಠ ಮಾರಾಟ ಬೆಲೆಯನ್ನು ನಿರ್ಧರಿಸುವವರು ಸರ್ಕಾರದವರಲ್ಲ, ತಯಾರಕರು ಇಲ್ಲವೇ ಆಮದು ಮಾಡಿಕೊಳ್ಳುವವರು. ಅದಕ್ಕಿಂತ ಹೆಚ್ಚಿಗೆ ಮಾರಕೂಡದೆಂಬುದಷ್ಟೇ ಕಾನೂನಿನ ಕಟ್ಟಳೆ. ಆದ್ದರಿಂದ ಆ ಅಂಕಿಯನ್ನು ಎಷ್ಟು ಎತ್ತರದಲ್ಲಿ ಬರೆದರೂ ನಷ್ಟವಿಲ್ಲ. ಅರುವತ್ತು ಸಾವಿರವೆಂದು ಅಚ್ಚಾದ ಲ್ಯಾಪ್‌ಟಾಪು ಶ್ರಾವಣದಲ್ಲಿಯೇ ಮೂವತ್ತೆಂಟು ಸಾವಿರಕ್ಕೆ ಸಿಗುತ್ತಿದ್ದಿತೆಂದು ಇಟ್ಟುಕೊಳ್ಳಿ. ನವರಾತ್ರಿಯಲ್ಲಿ ಅದನ್ನು ಮೂವತ್ತಾರಕ್ಕೆ ಇಳಿಸಿದರೆ ಜಾಹೀರಾತಿನ ಲೆಕ್ಕದಲ್ಲಿ ಕಡಿತ ಶೇ. 40, ಕೊಳ್ಳುವವನ ಲೆಕ್ಕದಲ್ಲಿ ಉಳಿತಾಯ ಎರಡು ಸಾವಿರ, ಎಂದರೆ ಶೇಕಡ ಐದರ ಆಸುಪಾಸು. ಎರಡು ಸಾವಿರವೇನೂ ಕಡಿಮೆಯಲ್ಲ, ನಿಜ. ಆದರೆ ಅದು ಇಪ್ಪತ್ತನಾಲ್ಕು ಸಾವಿರವಲ್ಲ. ಬೇಕಾದ ಯಂತ್ರದ ಬೆಲೆಯನ್ನು ಹಬ್ಬಕ್ಕೆ ಒಂದೆರಡು ತಿಂಗಳು ಮುಂಚಿನಿಂದಲೇ ವಾರಕ್ಕೊಮ್ಮೆ ನೋಡಿ, ಹಳೆಯ ಪಂಚಾಂಗದ ಅಂಚಿನಲ್ಲಿ ಗುರುತು ಹಾಕಿಟ್ಟ ಮನೆಯವರಿಗೆ ಈ ಕೆಂಪಕ್ಷರದ ಭಯ ಇರುವುದಿಲ್ಲ.

ಈ ಮಹಾಮಾರಾಟದ ಪದ್ಧತಿ ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿಯೇ. 2007ರಲ್ಲಿ ಕೋರಮಂಗಲದ ಒಂದು ವಸತಿಯಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಎಂಬ ಇಬ್ಬರು ತರುಣರು ಪುಸ್ತಕ ಮಾರಲೆಂದು ಆರಂಭಿಸಿದ ಫ್ಲಿಪ್‌ಕಾರ್ಟ್, 2014ರ ಅಕ್ಟೋಬರ್ 6ರಂದು 'ಬಿಗ್ ಬಿಲಿಯನ್ ಡೇ' ಎಂಬ ಒಂದು ದಿನದ ಮಾರಾಟವನ್ನು ಸಾರಿತು. ಅಕ್ಟೋಬರ್ ಆರೇ ಏಕೆ? ತಾವು ಮೊದಲು ಕೆಲಸ ಮಾಡಿದ ಮನೆಯ ಸಂಖ್ಯೆ 610 ಎಂಬುದರ ನೆನಪಿಗಾಗಿ! ಹತ್ತು ಗಂಟೆಗಳಲ್ಲಿ ಆರುನೂರು ಕೋಟಿ ರೂಪಾಯಿಗಳ ವ್ಯಾಪಾರವಾಯಿತೆಂದು ಸಂಸ್ಥೆ ಹೇಳಿಕೊಂಡಿತು. ಆದರೆ ಜನರ ನೂಕುನುಗ್ಗಲಿಗೆ ಜಾಲತಾಣ ಕುಸಿಯಿತು, ಬುಟ್ಟಿಗೆ ಹಾಕಿದ ವಸ್ತು ಹಣ ಕೊಡುವಷ್ಟರಲ್ಲಿ ಮಾಯವಾಯಿತು, ಕೆಲವು ಬೆಲೆಗಳು ಮುಂಚೆಯೇ ಏರಿದ್ದುವೆಂದು ಗ್ರಾಹಕರು ಗದ್ದಲವೆಬ್ಬಿಸಿದರು. ಮರುದಿನ ಸ್ಥಾಪಕರಿಬ್ಬರೂ ಗ್ರಾಹಕರಿಗೆ ಕ್ಷಮಾಪಣೆಯ ಪತ್ರ ಬರೆದರು. ಅಲ್ಲಿಂದ ಮುಂದೆ ಒಂದು ದಿನದ ಸಂತೆ ಹಲವು ದಿನಗಳ ಜಾತ್ರೆಯಾಗಿ ಹಿಗ್ಗಿತು. ಹೆಸರಿನಲ್ಲಿದ್ದ 'ಡೇ' ಎಂಬುದು 'ಡೇಸ್' ಆಯಿತು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಸಂಸ್ಥೆ ಸುಮಾರು 1,600 ಕೋಟಿ ಡಾಲರು ಕೊಟ್ಟು ಫ್ಲಿಪ್‌ಕಾರ್ಟಿನ ಶೇ. 77ರಷ್ಟು ಪಾಲನ್ನು ಕೊಂಡಿತು. ಚೀನಾದಲ್ಲಿ ನವೆಂಬರ್ 11ರಂದು ನಡೆಯುವ ಇಂಥದೇ ಮಹಾಮಾರಾಟವನ್ನು ಅಲಿಬಾಬಾ ಸಂಸ್ಥೆ 2009ರಲ್ಲಿಯೇ ಆರಂಭಿಸಿದ್ದಿತು. ಅವಸರವನ್ನು ಮಾರುವ ವಿದ್ಯೆ ಎಲ್ಲ ದೇಶದಲ್ಲಿಯೂ ಒಂದೇ.

ಹಿಮ್ಮುಖವಾಗಿ ಓಡುವ ಆ ಗಡಿಯಾರದ ವಿಷಯಕ್ಕೆ ಬರೋಣ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕನನ್ನು ದಾರಿತಪ್ಪಿಸುವ ಹದಿಮೂರು ತಂತ್ರಗಳನ್ನು ಹೆಸರಿಸಿದೆ. ಸುಳ್ಳು ಅವಸರವನ್ನು ಹುಟ್ಟಿಸುವುದು ಅವುಗಳಲ್ಲೊಂದು. ಕೇಳದ ವಸ್ತುವನ್ನು ಮೆಲ್ಲಗೆ ಬುಟ್ಟಿಗೆ ಸೇರಿಸುವುದು ಇನ್ನೊಂದು. ಲ್ಯಾಪ್‌ಟಾಪನ್ನು ಆರಿಸಿ ಹಣ ಕೊಡುವ ಪುಟಕ್ಕೆ ಬಂದಾಗ ವಿಮೆ, ಹೆಚ್ಚುವರಿ ವಾರಂಟಿ ಮೊದಲಾದುವು ತಾವಾಗಿಯೇ ಒಳಗೆ ಬಂದು ಕುಳಿತಿವೆಯೇ ಎಂದು ನೋಡುವುದು ಈ ಕಾರಣಕ್ಕಾಗಿ ಅಗತ್ಯ.

ಹದಿನೈದು ಸಾವಿರವಿದ್ದು ಮೂವತ್ತಾರು ಬೇಕಾದವರಿಗೆ ಅಂಗಡಿ ತೋರಿಸುವ ದಾರಿ ಕಂತು. 'ನೋ ಕಾಸ್ಟ್ ಇ.ಎಂ.ಐ.', ಬಡ್ಡಿಯಿಲ್ಲದ ಕಂತು! ಹಳ್ಳಿಯ ಲೇವಾದೇವಿಯ ಕಹಿಯನ್ನು ಉಂಡ ತಂದೆಗೆ ಇದು ನಂಬಲಸಾಧ್ಯವಾದರೆ ಅವನ ಅನುಮಾನ ಸರಿಯೇ. ಕಾರ್ಡುಗಳ ಮೇಲೆ ಶೂನ್ಯ ಬಡ್ಡಿಯ ಕಂತು ಎಂಬುದು ಬಡ್ಡಿಯನ್ನು ಬೇರೆ ಶುಲ್ಕದಲ್ಲಿ ಮರೆಮಾಚುವ ಉಪಾಯವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಆಕ್ಷೇಪಿಸಿ ಅದನ್ನು ತಡೆದಿದೆ. ಈಗ ನಡೆಯುವುದು ಬೇರೆ ಬಗೆ. ಬ್ಯಾಂಕು ಬಡ್ಡಿಯನ್ನು ಹಾಕಿಯೇ ಹಾಕುತ್ತದೆ. ಅಷ್ಟು ಮೊತ್ತವನ್ನು ಮಾರಾಟಗಾರ ಮುಂಚಿತವಾಗಿ ಬೆಲೆಯಲ್ಲಿ ಕಳೆಯುತ್ತಾನೆ. ಮೂವತ್ತಾರು ಸಾವಿರವನ್ನು ಆರು ಕಂತುಗಳಲ್ಲಿ, ವರ್ಷಕ್ಕೆ ಶೇ. 15ರ ಬಡ್ಡಿಯಂತೆ ಹಂಚಿದರೆ ಅದರೊಳಗಿನ ಬಡ್ಡಿ ಸುಮಾರು 1,500 ರೂಪಾಯಿ. ಆ ಬಡ್ಡಿಯ ಮೇಲೆ ಶೇ. 18ರ ಜಿ.ಎಸ್.ಟಿ., ಎಂದರೆ 270 ರೂಪಾಯಿ, ಕೊಳ್ಳುವವನ ತಲೆಗೇ ಬರುತ್ತದೆ. ಜೊತೆಗೆ ಬ್ಯಾಂಕಿನ ಪ್ರಕ್ರಿಯಾ ಶುಲ್ಕ ಬೇರೆ. ಮೊತ್ತ ದೊಡ್ಡದಲ್ಲ, ಆದರೆ 'ಏನೂ ವೆಚ್ಚವಿಲ್ಲ' ಎಂಬ ಮಾತು ಸತ್ಯವೂ ಅಲ್ಲ. ಇನ್ನೊಂದು ವಿಚಿತ್ರವೆಂದರೆ, ಕಂತಿನವನಿಗೆ ಕಳೆದುಕೊಟ್ಟ ಆ ಒಂದೂವರೆ ಸಾವಿರವು ನಗದು ಎಣಿಸಿಕೊಡುವವನಿಗೆ ಅನೇಕ ವೇಳೆ ಸಿಗುವುದೇ ಇಲ್ಲ. ಸಾಲವಿಲ್ಲದವನಿಗೆ ದಂಡ!

ಅಷ್ಟಕ್ಕೂ ಹೂಗ್ಯಂನ ಮನೆಯಲ್ಲಿ ಕ್ರೆಡಿಟ್ ಕಾರ್ಡು ಇರಬೇಕಲ್ಲ? ಬ್ಯಾಂಕಿನ ಕಾರ್ಡಿಗೆಂದು ಸಾರುವ ಶೇಕಡ ಹತ್ತರ ತತ್‌ಕ್ಷಣದ ಕಡಿತವೂ ಅದು ಉಳ್ಳವರಿಗೆ ಮಾತ್ರ; ಅದಕ್ಕೂ ಇಷ್ಟು ರೂಪಾಯಿಗೆ ಮೀರದೆಂಬ ಮಿತಿಯ ಸಾಲು ಸಣ್ಣ ಅಕ್ಷರದಲ್ಲಿರುತ್ತದೆ. ಆಗ ಮೈಸೂರಿನಲ್ಲಿ ಕೆಲಸದಲ್ಲಿರುವ ಸೋದರಮಾವನಿಗೆ ಫೋನು ಹೋಗುತ್ತದೆ. "ಮಾವ, ನಿಮ್ಮ ಕಾರ್ಡಲ್ಲಿ ತಕ್ಕೊಡಿ, ಅಪ್ಪ ಜೋಳ ಮಾರಿದ ಮೇಲೆ ಕೊಟ್ಬುಡ್ತದೆ." ಮಾವ ಒಪ್ಪಿದರೂ ಸಾಲ ಅವನ ಹೆಸರಿನಲ್ಲಿ ಏರುತ್ತದೆ, ಜೋಳದ ಬೆಲೆ ಕುಸಿದರೆ ಬ್ಯಾಂಕು ಕಾಯದು, ನೆಂಟಸ್ತಿಕೆ ಕಾಯಬೇಕು. ಎಷ್ಟೋ ಮನೆಗಳಲ್ಲಿ ರಿಯಾಯಿತಿಯ ಉಳಿತಾಯಕ್ಕಿಂತ ಈ ಮುಲಾಜಿನ ಬೆಲೆಯೇ ದೊಡ್ಡದಾಗಿ ಬಿಟ್ಟಿದೆ.

ಇನ್ನು ಯಂತ್ರದ ಮಾತು. ವಿದ್ಯಾರ್ಥಿಯ ಮನೆಗೆ ಬೇಕಾದದ್ದು ಹೊಳೆಯುವ ಮುಚ್ಚಳವಲ್ಲ. ಪ್ರೊಸೆಸರಿನ ಹೆಸರಿನಲ್ಲಿ ಐ3, ಐ5, ಐ7 ಎಂಬ ಗುರುತುಗಳಿವೆಯಷ್ಟೆ. ಏಳು ದೊಡ್ಡದು, ಮೂರು ಚಿಕ್ಕದು ಎಂದು ತಿಳಿದು ಮೋಸಹೋಗುವವರು ಹಲವರು. ಅದರ ಮುಂದಿನ ಅಂಕಿಗಳು ತಲೆಮಾರನ್ನು ಸೂಚಿಸುತ್ತವೆ. ಐ5-1235ಯು ಎಂದರೆ ಹನ್ನೆರಡನೆಯ ತಲೆಮಾರು. ಹಳೆಯ ತಲೆಮಾರಿನ ಐ7ಗಿಂತ ಹೊಸ ತಲೆಮಾರಿನ ಐ3 ಚುರುಕಾಗಿರುವುದುಂಟು. ಸಂಗ್ರಹಕ್ಕೆ ಎಸ್.ಎಸ್.ಡಿ. ಇರಬೇಕು, ಅಗ್ಗದ ಯಂತ್ರಗಳಲ್ಲಿ ಕಾಣುವ 64 ಜಿ.ಬಿ.ಯ ಇ.ಎಂ.ಎಂ.ಸಿ. ಎಂಬುದು ವಿಂಡೋಸಿನ ನವೀಕರಣಗಳಿಗೇ ಸಾಲದೆ ಒಂದೆರಡು ವರ್ಷಗಳಲ್ಲಿ ಉಸಿರುಗಟ್ಟುತ್ತದೆ. ಮೆಮೊರಿ 8 ಜಿ.ಬಿ.ಗೆ ಕಡಿಮೆ ಬೇಡ; ಮುಂದೆ ಹೆಚ್ಚಿಸಿಕೊಳ್ಳಲು ಸ್ಥಳವಿದೆಯೋ, ಅಥವಾ ಫಲಕಕ್ಕೇ ಬೆಸೆದಿದ್ದಾರೋ ಎಂದು ಕೇಳಿ ತಿಳಿಯಬೇಕು. ಕನ್ನಡದ ವಿಷಯದಲ್ಲಿ ಮಾತ್ರ ಅಗ್ಗದ ಯಂತ್ರಕ್ಕೂ ದುಬಾರಿಯದಕ್ಕೂ ಭೇದವಿಲ್ಲ. ಯೂನಿಕೋಡ್ ಬಂದ ಮೇಲೆ, ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ 'ತುಂಗಾ' ಎಂಬ ಅಕ್ಷರಶೈಲಿ ಜೊತೆಗೇ ಬಂದಂದಿನಿಂದ, ಕನ್ನಡಕ್ಕೆಂದು ಬೇರೆ ಹಣ ತೆರಬೇಕಾಗಿಲ್ಲ, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೂ ಉಚಿತವಾಗಿ ದೊರೆಯುತ್ತದೆ.

ಹದಿನೈದು ಸಾವಿರದೊಳಗೆ ಮುಗಿಯಬೇಕಾದರೆ ದುರಸ್ತಿಯಾಗಿ ಮರುಮಾರಾಟಕ್ಕೆ ಬಂದ ಹಳೆಯ ಯಂತ್ರವೊಂದೇ ದಾರಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಾದ ಅಂಗಡಿಗಳಲ್ಲಿಯೂ ಆನ್‌ಲೈನಿನಲ್ಲಿಯೂ ಇವು ಧಾರಾಳವಾಗಿ ಸಿಗುತ್ತವೆ. ಕಚೇರಿಗಳಲ್ಲಿ ಮೂರು ನಾಲ್ಕು ವರ್ಷ ದುಡಿದು ಹೊರಬಿದ್ದ ಗಟ್ಟಿ ಯಂತ್ರಗಳು ಇವುಗಳಲ್ಲಿ ಇಲ್ಲದಿಲ್ಲ. ಹೊಸದೆಂಬ ಹೆಸರಿನ ದುರ್ಬಲ ಯಂತ್ರಕ್ಕಿಂತ ಅವೇ ಮೇಲು. ಆದರೆ ಇಲ್ಲಿ ಒಂದು ಕಂದಕವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಸುರಕ್ಷತೆಯ ನವೀಕರಣಗಳಿಗೆ ಒಂದು ವರ್ಷದ ಹೆಚ್ಚುವರಿ ಏರ್ಪಾಡನ್ನಷ್ಟೇ ಮಾಡಲಾಗಿದೆ. ವಿಂಡೋಸ್ 11 ಇಂಟೆಲಿನ ಎಂಟನೆಯ ತಲೆಮಾರಿಗಿಂತ ಹಿಂದಿನ ಪ್ರೊಸೆಸರುಗಳನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆರನೆಯ ಏಳನೆಯ ತಲೆಮಾರಿನ ಯಂತ್ರಗಳು ಅಗ್ಗವಾದುದಕ್ಕೆ ಇದೂ ಒಂದು ಕಾರಣ. ಅವುಗಳ ಮೇಲೆ ಲಿನಕ್ಸ್ ಹಾಕಿ ಪ್ರೋಗ್ರಾಮಿನ ಅಭ್ಯಾಸ ಮಾಡಬಲ್ಲ ವಿದ್ಯಾರ್ಥಿಗೆ ತೊಂದರೆಯಿಲ್ಲ; ಬೇರೆಯವರು ಎಂಟನೆಯದಕ್ಕಿಂತ ಕೆಳಗಿಳಿಯದಿರುವುದು ಕ್ಷೇಮ.

ಹಾಗಾದರೆ ಜೋಳದ ಹಣ ಬರುವವರೆಗೆ ಕಾದು ಕೊಳ್ಳಬಾರದೇಕೆ? ಬಹುತೇಕ ವರ್ಷಗಳಲ್ಲಿ ಇದು ನಷ್ಟದ ಮಾತಲ್ಲ. ಗಣರಾಜ್ಯೋತ್ಸವದ ಸುಮಾರಿಗೆ ಮತ್ತೊಂದು ರಿಯಾಯಿತಿ ಬಂದೇ ಬರುತ್ತದೆ. ಆದರೆ 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ಜಗತ್ತಿನಾದ್ಯಂತ ಏರತೊಡಗಿತು. ಕಾದವರಿಗೆ ಆ ವರ್ಷ ಲಾಭವಾಗಲಿಲ್ಲ. ವ್ಯಾಪಾರದಲ್ಲಿ ಶಕುನ ಹೇಳುವುದು ಯಾರಿಗೂ ಸುಲಭವಲ್ಲ.

ಎಲ್ಲಕ್ಕಿಂತ ಮಿಗಿಲಾದ ವಿಚಾರ ಕೆಟ್ಟರೆ ಏನು ಗತಿ ಎಂಬುದು. ನಗರದವರಿಗೆ ವಾರಂಟಿಯೆಂದರೆ ಒಂದು ಕಾಗದ. ಹೂಗ್ಯಂನವರಿಗೆ ಅದು ಪ್ರಯಾಣ. ರಿಪೇರಿಯವನು ಮನೆಗೇ ಬರುವ ವಾರಂಟಿಯೋ, ಯಂತ್ರವನ್ನು ಕೇಂದ್ರಕ್ಕೆ ಹೊತ್ತೊಯ್ಯಬೇಕಾದ ವಾರಂಟಿಯೋ? ಎರಡನೆಯದಾದರೆ ಹನೂರು ದಾಟಿ, ಕೊಳ್ಳೇಗಾಲ ಮುಟ್ಟಿ, ಅಲ್ಲಿಂದ ಸುಮಾರು 60 ಕಿಲೋಮೀಟರು ದೂರದ ಮೈಸೂರಿಗೆ ಹೋಗಬೇಕಾದೀತು. ಯಂತ್ರ ಬಿಟ್ಟುಬರಲು ಒಂದು ದಿನದ ಕೂಲಿ, ತರಲು ಇನ್ನೊಂದು ದಿನದ ಕೂಲಿ. ಕೊಳ್ಳೇಗಾಲದ ಅಂಗಡಿಯವನು ಸಾವಿರ ರೂಪಾಯಿ ಹೆಚ್ಚಿಗೆ ಕೇಳಿದರೂ, ಕೆಟ್ಟಾಗ ತಾನೇ ಕಳುಹಿಸಿ ತರಿಸಿಕೊಡುವೆನೆಂದು ಒಪ್ಪಿ ರಸೀತಿಯ ಮೇಲೆ ಬರೆದುಕೊಟ್ಟರೆ ಆ ಸಾವಿರ ದುಬಾರಿಯೇನಲ್ಲ. ಪರದೆಯ ಮೇಲಿನ ಬೆಲೆಯನ್ನು ಅವನಿಗೆ ತೋರಿಸಿ ಚೌಕಾಸಿ ಮಾಡಲೂ ಅಡ್ಡಿಯಿಲ್ಲ.

ಆನ್‌ಲೈನಿನಲ್ಲಿಯೇ ತರಿಸುವುದಾದರೆ ಮೊದಲ ಪರೀಕ್ಷೆ ಪಿನ್ ಕೋಡಿನದು. 1972ರ ಆಗಸ್ಟ್ 15ರಂದು ಅಂಚೆಯ ಸೌಕರ್ಯಕ್ಕಾಗಿ ಬಂದ ಆರಂಕಿಯ ಆ ಸಂಖ್ಯೆ, ಈಗ ಯಾವ ಊರಿಗೆ ರಿಯಾಯಿತಿ ತಲಪಬೇಕು, ಯಾವ ಊರಿಗೆ ಬೇಡ ಎಂಬುದನ್ನೂ ನಿರ್ಧರಿಸುತ್ತದೆ. ಎಲ್ಲವನ್ನೂ ಆರಿಸಿ ಮುಗಿಸಿದ ಮೇಲೆ 'ಈ ವಿಳಾಸಕ್ಕೆ ತಲಪಿಸಲಾಗುವುದಿಲ್ಲ' ಎಂಬ ಸಾಲು ಬಂದರೆ ಕೊಳ್ಳೇಗಾಲದ ನೆಂಟರ ವಿಳಾಸವೇ ಗತಿ. ಪೆಟ್ಟಿಗೆ ಬಂದಾಗ ಮುದ್ರೆ ಒಡೆಯುವ ಮೊದಲಿನಿಂದಲೇ ಮೊಬೈಲಿನಲ್ಲಿ ಚಿತ್ರೀಕರಿಸಬೇಕು. ಯಂತ್ರವನ್ನು ತೆರೆದು ತೋರಿಸಿದ ಮೇಲೆಯೇ ಒ.ಟಿ.ಪಿ. ಹೇಳುವ ವ್ಯವಸ್ಥೆಯಿದ್ದರೆ ಅದನ್ನೇ ಆರಿಸಬೇಕು. ತಲಪಿಸುವ ಹುಡುಗ ಅವಸರ ಮಾಡುತ್ತಾನೆ. ಅವನಿಗೆ ಇನ್ನೂ ಹತ್ತಾರು ಮನೆಗಳಿರುತ್ತವೆ, ಪಾಪ. ಒಂದು ಲೋಟ ಕಾಫಿ ಕೊಟ್ಟು ನಿಲ್ಲಿಸಿಕೊಳ್ಳುವುದು ಹಳ್ಳಿಯಲ್ಲಿ ಕಷ್ಟವಲ್ಲ. ಯಂತ್ರದ ಕ್ರಮಸಂಖ್ಯೆಯೂ ರಸೀತಿಯಲ್ಲಿನ ಸಂಖ್ಯೆಯೂ ಒಂದೇ ಆಗಿರಬೇಕು. ತೊಂದರೆಯಾದರೆ, 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಅಂಗಡಿಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹಾರ ಒದಗಿಸಬೇಕು. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ದೀಪಾವಳಿಗೆ ಬೆಟ್ಟದಲ್ಲಿ ಜಾತ್ರೆ. ಬೇಡಗಂಪಣ ಸಮುದಾಯದ ಹೆಣ್ಣುಮಕ್ಕಳು ಮಾದಪ್ಪನಿಗೆ ಹಾಲರವೆ ಹೊತ್ತು ತರುವ ಹೊತ್ತಿಗೆ ಆ ಮನೆಯಲ್ಲಿ ಯಾವ ತೀರ್ಮಾನವಾದರೂ ಆಗಿರುತ್ತದೆ. ಹೊಸದೋ, ಹಳೆಯದೋ, ಕಂತೋ, ಕಾಯುವುದೋ. ಯಂತ್ರ ಬಂದಿದ್ದರೆ ತಂದೆ ಅದರ ರಸೀತಿಯನ್ನು ನಾಲ್ಕು ಮಡಿಕೆ ಮಾಡಿ, ಹೊಲದ ಪಹಣಿ ಇಟ್ಟಿರುವ ಟ್ರಂಕಿನಲ್ಲಿ ಸೇರಿಸುತ್ತಾನೆ. "ಅಪ್ಪ, ಬಿಲ್ಲು ಮೊಬೈಲಲ್ಲೇ ಅದೆ, ಕಾಗ್ದ ಯಾಕೆ?" ಎಂದು ಮಗಳು ನಗಬಹುದು. ಅವನು ಟ್ರಂಕಿಗೆ ಬೀಗ ಹಾಕುತ್ತಾನೆ.