ಆಟಗಾರನನ್ನು ಯಾವಾಗ ಬಿಟ್ಟರೆ ಲಾಭ? ಆರ್‌ಸಿಬಿ ಲೆಕ್ಕ ಹೀಗಿತ್ತು

ದಾಂಡೇಲಿ: ಚೆನ್ನಾಗಿ ಆಡುವ ಬೌಲರ್‌ನನ್ನು ಆರ್‌ಸಿಬಿ ಯಾಕೆ ಬಿಟ್ಟಿತು ಅಂತ ಹರಾಜು ಹತ್ತಿರ ಬಂದಾಗಲೆಲ್ಲ ನಮ್ಮ ಚಹಾ ಅಂಗಡಿಗಳಲ್ಲಿ ವಾದ ಏಳುತ್ತದೆ. ಉತ್ತರ ಆಟದಲ್ಲಷ್ಟೇ ಅಲ್ಲ, ತಾರೀಖಿನಲ್ಲೂ ಇದೆ.

ಐಪಿಎಲ್ ತಂಡ ಆಟಗಾರರಿಗೆ ಇಷ್ಟೇ ಖರ್ಚು ಮಾಡಬೇಕೆಂಬ ಮಿತಿ ಇದೆ. 2024ರ ಸೀಸನ್‌ಗೆ ಅದು 100 ಕೋಟಿ ರೂ. ಯಾರನ್ನು ಉಳಿಸಿಕೊಂಡೆವು ಎಂದು ತಿಳಿಸಲು 2023ರ ನವೆಂಬರ್ 26 ಕೊನೆಯ ದಿನ. ಆಗ ಹಸರಂಗ, ಹರ್ಷಲ್ ಪಟೇಲ್ (ತಲಾ 10.75 ಕೋಟಿ) ಮತ್ತು ಹೇಜಲ್‌ವುಡ್ (7.75 ಕೋಟಿ) ಅವರನ್ನು ಆರ್‌ಸಿಬಿ ಕೈಬಿಟ್ಟಿತು. ಈ ಮೂವರಿಂದಲೇ 29.25 ಕೋಟಿ ಖಾಲಿಯಾಯಿತು. ಹಾಗಾಗಿಯೇ 17.50 ಕೋಟಿಯ ಕ್ಯಾಮರಾನ್ ಗ್ರೀನ್ ಅವರನ್ನು ಮುಂಬೈನಿಂದ ತರಲು ಜಾಗ ಸಿಕ್ಕಿತು. ಗಡುವು ದಾಟಿ ಬಿಟ್ಟಿದ್ದರೆ ಡಿಸೆಂಬರ್ 19ರ ಹರಾಜಿಗೆ ಈ ದುಡ್ಡು ಒದಗುತ್ತಿರಲಿಲ್ಲ.

ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ತಾರೀಖಿನ ಆಟ ಇನ್ನೂ ಜೋರು. ಸಹಿ ಹಾಕಿದಾಗ ಕೊಟ್ಟ ಬೋನಸ್ಸನ್ನು ಅಲ್ಲಿ ಹೆಚ್ಚೆಂದರೆ 5 ವರ್ಷಕ್ಕೆ ಹಂಚಿ ಲೆಕ್ಕ ಬರೆಯುತ್ತಾರೆ. ವರ್ಷಕ್ಕೆ 2 ಕೋಟಿಯಂತೆ 3 ವರ್ಷದ್ದು ಬಾಕಿ ಇದೆ ಅಂದುಕೊಳ್ಳಿ. ಜೂನ್ 1ರೊಳಗೆ ಬಿಟ್ಟರೆ 6 ಕೋಟಿಯೂ ಈ ವರ್ಷದ ಲೆಕ್ಕಕ್ಕೇ. ಆಮೇಲೆ ಬಿಟ್ಟರೆ ಈ ವರ್ಷ 2, ಮುಂದಿನ ವರ್ಷ 4. ಉದ್ರಿ ಪುಸ್ತಕದ ಬಾಕಿಯನ್ನು ಮುಂದಿನ ಪುಟಕ್ಕೆ ಬರೆದಂತೆ, ಸಾಲ ತೀರುವುದಿಲ್ಲ.

ಹಾಗಂತ ಬಿಟ್ಟದ್ದೆಲ್ಲ ಉಳಿತಾಯವಲ್ಲ. ಅದೇ ಹೇಜಲ್‌ವುಡ್‌ರನ್ನು ಆರ್‌ಸಿಬಿ 2024ರ ನವೆಂಬರ್‌ನಲ್ಲಿ 12.50 ಕೋಟಿ ಕೊಟ್ಟು ವಾಪಸ್ ತಂದಿತು. 2025ರಲ್ಲಿ ಕಪ್ ಬಂದಾಗ ತಂಡದಲ್ಲಿ ಅತಿ ಹೆಚ್ಚು ವಿಕೆಟ್, 22, ಅವರದ್ದೇ.