ಬೇಸ್ ಬೇಕೇ? ಮೊದಲು ಡಬ್ಬಿ ನೋಡಿ

ಊರ ಜಾತ್ರೆಯಿರಲಿ, ಗಣೇಶನ ವಿಸರ್ಜನೆಯಿರಲಿ, ಸೌಂಡ್ ಸಿಸ್ಟಮ್ ಗೊತ್ತುಮಾಡುವಾಗ ಬರುವ ಮೊದಲ ಮಾತು, ‘ಎಷ್ಟು ವಾಟ್ಸ್?’ ಆದರೆ ಬೇಸ್ ಹೇಗೆ ಕೇಳಿಸುತ್ತದೆ ಎನ್ನುವುದರಲ್ಲಿ ಸ್ಪೀಕರ್ ಕೂರಿಸಿದ ಡಬ್ಬಿಯ ಪಾಲು ದೊಡ್ಡದು. ಎಮ್ಮಿಗನೂರು, ಕಂಪ್ಲಿ ಕಡೆಯ ಕಾರ್ಯಕ್ರಮಗಳು ಹೆಚ್ಚಾಗಿ ಬಯಲಲ್ಲೇ ನಡೆಯುವುದರಿಂದ ಇದು ತಿಳಿದಿರಬೇಕಾದ ಸಂಗತಿ.

ಸ್ಪೀಕರಿನ ಕೋನ್ ಮುಂದಕ್ಕೆ ಗಾಳಿ ತಳ್ಳುವಾಗ ಹಿಂದೆ ಗಾಳಿ ಎಳೆಯುತ್ತದೆ. ಎರಡೂ ಸೇರಿದರೆ ಬೇಸ್ ಸತ್ತುಹೋಗುತ್ತದೆ. ಅವನ್ನು ಬೇರೆಯಿಡುವುದೇ ಡಬ್ಬಿಯ ಕೆಲಸ.

ಪೂರ್ತಿ ಮುಚ್ಚಿದ ಡಬ್ಬಿಯಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗ್. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಈ ತತ್ವದಿಂದಲೇ ಚಿಕ್ಕ ಪೆಟ್ಟಿಗೆಯಲ್ಲಿ ಆಳದ ದನಿ ಹೊರಡಿಸಿದರು. ಡೊಳ್ಳಿನ ಪೆಟ್ಟು ಇಲ್ಲಿ ಬಿಡಿಬಿಡಿಯಾಗಿ ಕೇಳುತ್ತದೆ. ಮನೆಗೆ, ಭಜನೆ ಮಂದಿರಕ್ಕೆ ಇದೇ ಸರಿ, ಗೋಡೆಗಳೂ ಬೇಸ್‌ಗೆ ಬಲ ಕೊಡುತ್ತವೆ. ಬಯಲಿಗೆ ತಂದರೆ ಆ ಬಲವಿಲ್ಲ.

ಅಲ್ಲಿ ಪೋರ್ಟ್, ಅಂದರೆ ಗಾಳಿಯಾಡುವ ಕೊಳವೆಯಂಥ ಬಾಯಿ, ಇರುವ ಡಬ್ಬಿ ಬೇಕು. ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥುರಾಸ್ ಇದಕ್ಕೆ 1932ರಲ್ಲಿ ಪೇಟೆಂಟ್ ಪಡೆದರು. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಹೊರಡುವ ದನಿಯ ಗುಟ್ಟೇ ಇಲ್ಲೂ ಇದೆ. 40 ಹರ್ಟ್ಸ್‌ಗೆ ಹೊಂದಿಸಿದ ಪೋರ್ಟಿನ ಮುಂದೆ ಅಂಗೈ ಹಿಡಿಯಿರಿ. ಆ ಸ್ವರದಲ್ಲಿ ಕೋನ್ ಹೆಚ್ಚುಕಡಿಮೆ ನಿಂತಂತಿದ್ದು, ಗಾಳಿ ಪೋರ್ಟಿನಿಂದ ರಭಸವಾಗಿ ಬಡಿಯುತ್ತದೆ. ಅದಕ್ಕಿಂತ ಕೆಳಗಿನ ಸ್ವರಕ್ಕೆ ಮಾತ್ರ ಕೋನ್‌ಗೆ ತಡೆಯೇ ಇರುವುದಿಲ್ಲ. ಆ ಭಾಗವನ್ನು ಫಿಲ್ಟರಿನಲ್ಲಿ ಕತ್ತರಿಸದಿದ್ದರೆ ಸ್ಪೀಕರ್ ಹಾಳು. ಪೋರ್ಟ್ ಕಿರಿದಾದರೆ ಬೇಸ್ ಜೊತೆ ಬುಸ್ ಎಂಬ ಸದ್ದೂ ಬರುತ್ತದೆ.

ಕೋನ್ ಒಳಗೇ ಅಡಗಿರುವ ಬ್ಯಾಂಡ್‌ಪಾಸ್ ಡಬ್ಬಿ ಕೆಲವೇ ಸ್ವರಗಳನ್ನು ಜೋರಾಗಿ ಬಡಿಯುತ್ತದೆ; ಹಾಡು ಯಾವುದಾದರೂ ಗುದ್ದು ಒಂದೇ. ಮಡಿಸಿದ ಹಾರ್ನ್ ಕಡಿಮೆ ಕರೆಂಟಿನಲ್ಲಿ ದೂರ ಮುಟ್ಟಿಸುತ್ತದೆ. ಆದರೆ 40 ಹರ್ಟ್ಸ್‌ನ ಒಂದು ಅಲೆಯೇ ಸುಮಾರು ಎಂಟೂವರೆ ಮೀಟರ್ ಉದ್ದ, ಹಾಗಾಗಿ ಡಬ್ಬಿ ದೈತ್ಯ. ಹಂಪಿ ಉತ್ಸವದಂಥ ಬಯಲಿಗೆ ಸರಿ, ಟ್ರ್ಯಾಕ್ಟರ್ ಟ್ರಾಲಿಗೆ ಹೊರೆ.

ಊರ ಕಾರ್ಯಕ್ರಮಕ್ಕೆ ಪೋರ್ಟ್ ಡಬ್ಬಿ ಎರಡು ಸಾಕು. ವೇದಿಕೆಯ ಆಚೆಗೊಂದು ಈಚೆಗೊಂದು ಇಟ್ಟರೆ ನಡುವೆ ಬೇಸ್ ಜಾಸ್ತಿ, ಪಕ್ಕಗಳಲ್ಲಿ ಅಲ್ಲಲ್ಲಿ ಮಾಯ. ನೆಲದ ಮೇಲೆ ಒಟ್ಟಿಗಿಟ್ಟರೆ ಎಲ್ಲರಿಗೂ ಸಮನಾಗಿ ಕೇಳುತ್ತದೆ.

2000ರ ಶಬ್ದ ಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಕೆಲವು ಹಬ್ಬದ ದಿನಗಳಿಗೆ ಸರ್ಕಾರ ಕೊಡುವ ವಿನಾಯಿತಿಯೂ ನಡುರಾತ್ರಿ 12ರವರೆಗೆ ಮಾತ್ರ. ನಿಯಮದ ಅಳತೆ ಮನುಷ್ಯನ ಕಿವಿಗೆ ಹೊಂದಿಸಿದ್ದು, 40 ಹರ್ಟ್ಸ್‌ನ ದನಿಯನ್ನು 35 ಡೆಸಿಬಲ್‌ನಷ್ಟು ಕಡಿಮೆ ಲೆಕ್ಕ ಹಾಕುತ್ತದೆ. ಮೀಟರ್ ಸುಮ್ಮನಿದ್ದರೂ ಪಕ್ಕದ ಮನೆಯ ಅಟ್ಟದ ಪಾತ್ರೆ ನಡುಗಬಹುದು. ಆದ್ದರಿಂದ ಬಾಡಿಗೆಗೆ ಹೇಳುವಾಗ ಜಾಗದ ಅಳತೆ, ಸೇರುವ ಜನ, ಹತ್ತಿರದ ಮನೆಗಳು ಇಷ್ಟನ್ನೂ ಮೊದಲು ತಿಳಿಸಿ. ವಾಟ್ಸ್ ಲೆಕ್ಕ ಆಮೇಲೆ.