ಐವತ್ತರೊಳಗಿನ ಲೆಕ್ಕ

ದಕ್ಷಿಣ ಕೊರಿಯಾದ ಬಾಸ್ಕೆಟ್‌ಬಾಲ್ ಆಟಗಾರ ಲೀ ಹ್ಯುನ್-ಜಂಗ್ ಹುಟ್ಟಿದ್ದು 2000ದಲ್ಲಿ. ಎತ್ತರ 201 ಸೆಂಟಿಮೀಟರ್. ತಾಯಿ ಸಂಗ್ ಜಂಗ್-ಆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಬಾಸ್ಕೆಟ್‌ಬಾಲ್ ತಂಡದಲ್ಲಿದ್ದವರು, ತಂದೆ ಶಾಲಾ ತಂಡದ ಕೋಚ್. ಹುಡುಗ ಸುವೋನ್ ನಗರದ ಹೈಸ್ಕೂಲಿನಿಂದ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿದ್ದ, ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಗ್ಲೋಬಲ್ ಅಕಾಡೆಮಿಗೆ ಹೋದ. ಅಲ್ಲಿಂದ 2019ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಡೇವಿಡ್‌ಸನ್ ಕಾಲೇಜು ಸೇರಿದ. ಎನ್‌ಬಿಎ ತಾರೆ ಸ್ಟೀಫನ್ ಕರಿ ಆಡಿ ಬೆಳೆದ ಪುಟ್ಟ ಕಾಲೇಜು ಅದು. ಕರಿಯನ್ನು ತಿದ್ದಿದ ಬಾಬ್ ಮೆಕಿಲಪ್ ಅವರೇ ಲೀಗೂ ಗುರು.

ಉದ್ದವಿದ್ದರೆ ಎನ್‌ಬಿಎ ಬಾಗಿಲು ತಾನಾಗಿ ತೆರೆಯುತ್ತದೆಂದು ನಂಬಿದವರು ಬಹಳ. ಈವರೆಗೆ ಅಲ್ಲಿ ಆಡಿದ ಏಕೈಕ ಕೊರಿಯನ್, 2004ರಲ್ಲಿ ಪೋರ್ಟ್‌ಲ್ಯಾಂಡ್ ತಂಡ ಆರಿಸಿಕೊಂಡ ಹಾ ಸಂಗ್-ಜಿನ್, 2.2 ಮೀಟರಿಗೂ ಎತ್ತರದವರು. ಲೀ ಆ ಜಾತಿಯ ಆಟಗಾರ ಅಲ್ಲ. ದೂರದಿಂದ ಗುರಿಯಿಡುವ ಶೂಟರ್.

2020–21ರ ಋತುವಿನಲ್ಲಿ, ಬಾಸ್ಕೆಟ್‌ಬಾಲಿನವರು 50-40-90 ಎನ್ನುವ ಗಡಿಯನ್ನು ಅವರು ದಾಟಿದರು. ಒಟ್ಟು ಶಾಟ್‌ಗಳಲ್ಲಿ ಶೇ. 50, ಮೂರಂಕದ ಶಾಟ್‌ಗಳಲ್ಲಿ ಶೇ. 40, ಫ್ರೀ ಥ್ರೋಗಳಲ್ಲಿ ಶೇ. 90 ಗುರಿ ಮುಟ್ಟಬೇಕು. ಲೀ ಲೆಕ್ಕ: 50.8, 44.2, 90.

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ತೊಂಬತ್ತು ದೊಡ್ಡ ಸಂಖ್ಯೆ, ಆದ್ದರಿಂದ ಅದೇ ಕಷ್ಟ ಅನ್ನಿಸುತ್ತದೆ. ಆದರೆ ಫ್ರೀ ಥ್ರೋ ಹಾಕುವಾಗ ಯಾರೂ ಅಡ್ಡ ಬರುವುದಿಲ್ಲ. ಶೂಟರ್‌ಗೆ ಬೆವರಿಳಿಸುವುದು ಐವತ್ತು. ಯಾಕೆಂದರೆ ಆ 'ಒಟ್ಟು' ಲೆಕ್ಕದೊಳಗೆ ಮೂರಂಕದ ಶಾಟ್‌ಗಳೂ ಸೇರಿವೆ! ಕಾಗದ ತೆಗೆದುಕೊಳ್ಳಿ. ಒಬ್ಬ ನೂರು ಶಾಟ್ ಹಾಕಿದ, ಅದರಲ್ಲಿ ಐವತ್ತು, ಮೂರಂಕದ ಗೆರೆಯಾಚೆಯಿಂದ. ಅವುಗಳಲ್ಲಿ ಶೇ. 44 ಎಂದರೆ 22 ಒಳಬಿದ್ದವು. ಒಟ್ಟು ಐವತ್ತಾಗಬೇಕಾದರೆ ಉಳಿದ ಐವತ್ತು ಎರಡಂಕದ ಶಾಟ್‌ಗಳಲ್ಲಿ 28 ಬೀಳಬೇಕು, ಅಂದರೆ ಶೇ. 56. ದೂರದಿಂದ ಹೆಚ್ಚು ಎಸೆದಷ್ಟೂ ಹತ್ತಿರದ ಹೊರೆ ಏರುತ್ತದೆ.

ಹತ್ತಿರದ ಸುಲಭ ಶಾಟ್ ಶೂಟರ್‌ಗೆ ಸಿಗುವುದು ಹೇಗೆ? ಕಾಲಿನಿಂದ. ನೋಡುವವರ ಕಣ್ಣು ಮಣಿಕಟ್ಟಿನ ಮೇಲಿರುತ್ತದೆ, ಕೆಲಸ ಅಷ್ಟರಲ್ಲಾಗಲೇ ಮುಗಿದಿರುತ್ತದೆ. ಶೂಟರ್ ರಿಂಗ್ ಕೆಳಗಿನಿಂದ ಹೊರಟು ಗೆರೆಯತ್ತ ಓಡುತ್ತಾನೆ. ದಾರಿಯಲ್ಲಿ ಜೊತೆಗಾರನೊಬ್ಬ ಕಂಬದಂತೆ ನಿಂತಿರುತ್ತಾನೆ, ಅದೇ ಸ್ಕ್ರೀನ್. ಬೆನ್ನಟ್ಟಿದ ಡಿಫೆಂಡರ್ ಅವನಿಗೆ ತಾಗಿ ಅರೆಕ್ಷಣ ಹಿಂದುಳಿದರೆ ಸಾಕು, ಮೂರಂಕದ ಶಾಟ್ ತಯಾರು. ಮುಂದಿನ ಸಲ ಡಿಫೆಂಡರ್ ಬುದ್ಧಿವಂತನಾಗಿ ಮೊದಲೇ ಗೆರೆಯತ್ತ ನುಗ್ಗುತ್ತಾನೆ. ಆಗ ಶೂಟರ್ ಹೊರಗಿನ ಪಾದವನ್ನು ಊರಿ, ಗಕ್ಕನೆ ತಿರುಗಿ, ಅವನ ಬೆನ್ನಹಿಂದಿನಿಂದ ರಿಂಗ್‌ಗೆ ಓಡುತ್ತಾನೆ. ಪಾಸ್ ಸರಿಯಾಗಿ ಬಂತೋ, ರಿಂಗ್ ಪಕ್ಕದಿಂದಲೇ ಹಾಕುವ ಲೇಅಪ್. ದೂರದ ಗುರಿಯ ಭಯವೇ ಹತ್ತಿರದ ಬಾಗಿಲು ತೆರೆಯಿತು. ಮೆಕಿಲಪ್ ಅವರ ಡೇವಿಡ್‌ಸನ್ ಆಟದ ಜೀವಾಳವೇ ಚೆಂಡಿಲ್ಲದ ಈ ಓಡಾಟವಾಗಿತ್ತು. ವಿದೇಶಕ್ಕೆ ಹೋಗಿ ಲೀ ಗಳಿಸಿದ ದೊಡ್ಡ ವಿದ್ಯೆ ಇದೇ ಎನ್ನುವುದು ನನ್ನ ಅಂಬೋಣ.

ಮುಂದಿನದು ಅಷ್ಟು ಸಲೀಸಾಗಿರಲಿಲ್ಲ. 2022ರ ಮಾರ್ಚ್‌ನಲ್ಲಿ ಅಮೆರಿಕದ ಕಾಲೇಜುಗಳ ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತಲ್ಲೇ ಡೇವಿಡ್‌ಸನ್ 73–74ರಿಂದ ಮಿಷಿಗನ್ ಸ್ಟೇಟ್‌ಗೆ ಸೋತಿತು. ಲೀ ಎನ್‌ಬಿಎ ಡ್ರಾಫ್ಟ್‌ಗೆ, ಅಂದರೆ ತಂಡಗಳು ಹೊಸ ಆಟಗಾರರನ್ನು ಆರಿಸುವ ಸರದಿಗೆ, ಹೆಸರು ಕೊಟ್ಟರು, ಅದಕ್ಕೆ ಸ್ವಲ್ಪ ಮೊದಲು ಪಾದಕ್ಕೆ ಪೆಟ್ಟಾಯಿತು. ಆಯ್ಕೆಯಾದ 58 ಹೆಸರುಗಳಲ್ಲಿ ಅವರದಿರಲಿಲ್ಲ. ಚೇತರಿಸಿಕೊಂಡು ಎನ್‌ಬಿಎಯ ಗೋಲ್ಡನ್ ಸ್ಟೇಟ್‌ನ ಕಿರಿಯ ತಂಡ ಸಾಂತಾ ಕ್ರೂಜ್‌ಗೆ ಆಡಿದರು, ಬಳಿಕ ಆಸ್ಟ್ರೇಲಿಯಾದ ಇಲವಾರ ಹಾಕ್ಸ್. 2025ರಲ್ಲಿ ಆ ತಂಡ ಲೀಗ್ ಗೆದ್ದಿತು. ಆಮೇಲೆ ಜಪಾನಿನ ನಾಗಸಾಕಿ ತಂಡ. ಎನ್‌ಬಿಎ ಸಿಗದಿದ್ದರೆ ಓದು ವ್ಯರ್ಥ ಎನ್ನುವವರಿಗೆ ಈ ದಾರಿಯನ್ನೊಮ್ಮೆ ತೋರಿಸಬೇಕು.

ಓದುಗರಲ್ಲಿ ಒಂದು ಕೋರಿಕೆ. ಯಾವುದೇ ಪಂದ್ಯದ ಅಂಕಪಟ್ಟಿ ಸಿಕ್ಕರೆ ಒಟ್ಟು ಶಾಟ್‌ಗಳಿಂದ ಮೂರಂಕದವನ್ನು ಕಳೆದು, ಉಳಿದದ್ದರ ಶೇಕಡಾವಾರು ನೀವೇ ತೆಗೆಯಿರಿ. ನಂತರ ಅದೇ ಪಂದ್ಯದ ವಿಡಿಯೋ ಹಾಕಿ, ಚೆಂಡನ್ನು ಮರೆತು, ಒಬ್ಬ ಶೂಟರ್‌ನ ಕಾಲನ್ನಷ್ಟೇ ಐದು ನಿಮಿಷ ಹಿಂಬಾಲಿಸಿ.